ಕೆಟ್ಟ ಚಿತ್ರಕ್ಕೆ ಇನ್ನಷ್ಟು ಬಣ್ಣ ಹಚ್ಚುವ ಮುಂಚೆ: ಇಂಪ್ರೆಷನಿಸ್ಟ್ ಲ್ಯಾಂಡ್‌ಸ್ಕೇಪ್‌ಗೊಂದು ದೋಷ ನಿವಾರಣೆ ಕೈಪಿಡಿ

ಪದರದ ಮೇಲೆ ಪದರ ಬಣ್ಣ ಹಚ್ಚಿ, ಬ್ರಷ್ ಗೆರೆಗಳನ್ನು ಬಿಡಿಬಿಡಿಯಾಗಿ ಕಾಣುವಂತೆ ಬಿಟ್ಟು ಇಂಪ್ರೆಷನಿಸ್ಟ್ ಶೈಲಿಯ ಲ್ಯಾಂಡ್‌ಸ್ಕೇಪ್, ಅಂದರೆ ನಿಸರ್ಗದ ದೃಶ್ಯ, ಬಿಡಿಸಲು ಕಲಿಯುವಾಗ ಹೆಚ್ಚಿನವರು ಒಂದೇ ಹಂತದಲ್ಲಿ ಸಿಕ್ಕಿಬೀಳುತ್ತಾರೆ. ಮೊದಲ ಪದರ ಚೆನ್ನಾಗಿ ಬಂದಿರುತ್ತದೆ. ಎರಡನೆಯದೂ ಪರವಾಗಿಲ್ಲ. ಮೂರನೆಯದರ ಹೊತ್ತಿಗೆ ಎಲ್ಲೋ ಏನೋ ಕೆಟ್ಟಿದೆ ಅನಿಸುತ್ತದೆ, ಏನು ಅಂತ ಮಾತ್ರ ಗೊತ್ತಾಗುವುದಿಲ್ಲ. ಗೊತ್ತಾಗದೇ ಇದ್ದಾಗ ಕೈ ಸುಮ್ನೆ ಇರುವುದಿಲ್ಲ. ಇನ್ನೊಂದಿಷ್ಟು ಬಿಳಿ, ಇನ್ನೊಂದಿಷ್ಟು ಹಸಿರು ಅಂತ ಹಚ್ಚುತ್ತಾ ಹೋಗುತ್ತದೆ. ಚಿತ್ರ ನಿಜವಾಗಿ ಕೆಡುವುದು ಆಗಲೇ.

ಆ ಹೊತ್ತಿಗೆ ಬೇಕಾದ ತಪಾಸಣೆಯನ್ನು ಇಲ್ಲಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಣ್ಣದ ದೋಷದಂತೆ ಕಾಣುವುದರಲ್ಲಿ ಹೆಚ್ಚಿನ ಪಾಲು ಬಣ್ಣದ ದೋಷವೇ ಆಗಿರುವುದಿಲ್ಲ. ಒಂದೋ ಟೋನ್ ತಪ್ಪಿರುತ್ತದೆ, ಅಂದರೆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನುವ ಲೆಕ್ಕ. ಇಲ್ಲವೇ ಕೆಳಗಿನ ಪದರ ಇನ್ನೂ ಹಸಿಯಾಗಿರುತ್ತದೆ. ಅದೂ ಅಲ್ಲದಿದ್ದರೆ ಪಕ್ಕದ ಬಣ್ಣ ಕಾಟ ಕೊಡುತ್ತಿರುತ್ತದೆ. ಈ ಮೂರನ್ನೂ ನೋಡದೆ ಪ್ಯಾಲೆಟ್ ಮೇಲೆ ಹೊಸ ಬಣ್ಣ ಕಲಸಬೇಡಿ. ಇಲ್ಲಿರುವುದು ಬಹುಪಾಲು ಎಣ್ಣೆ ಬಣ್ಣಕ್ಕೆ ಅನ್ವಯಿಸುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣದಲ್ಲಿ ವ್ಯತ್ಯಾಸ ಇರುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

ಬ್ರಷ್ ಕೆಳಗಿಟ್ಟು ಮೊದಲು ಮಾಡಬೇಕಾದ್ದು

ಎಂಟು-ಹತ್ತು ಅಡಿ ಹಿಂದೆ ಹೋಗಿ ನಿಲ್ಲಿ. ಈ ಬಗೆಯ ಚಿತ್ರದಲ್ಲಿ ಗೆರೆಗಳು ದೂರದಿಂದ ನೋಡಿದಾಗ ಕೂಡಿಕೊಳ್ಳಲೆಂದೇ ಇರುತ್ತವೆ. ಹತ್ತಿರದಿಂದ ಒರಟಾಗಿ ಕಂಡರೆ ಚಿಂತೆ ಬೇಡ. ದೂರದಿಂದಲೂ ಕಣ್ಣಿಗೆ ಚುಚ್ಚುತ್ತಿದ್ದರೆ ಅದನ್ನು ದೋಷ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ‘ಎಡಗಡೆಯ ಬೆಟ್ಟ ಮುಂದೆ ಬರುತ್ತಿದೆ’, ‘ಮರದ ಕೆಳಗಿನ ನೆರಳಿಗೆ ಜೀವ ಇಲ್ಲ’, ಹೀಗೆ ಒಂದೊಂದಕ್ಕೆ ಒಂದೊಂದು ಸಾಲು. ‘ಚಿತ್ರ ಯಾಕೋ ಚೆನ್ನಾಗಿಲ್ಲ’ ಅಂತ ಬರೆದುಕೊಂಡರೆ ಅದರಿಂದ ಯಾವ ರಿಪೇರಿಯೂ ಹುಟ್ಟುವುದಿಲ್ಲ.

ಆಮೇಲೆ ಫೋನಿನಲ್ಲಿ ಒಂದು ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ. ಸಾಮಾನ್ಯ ಹಗಲಿನ ದೃಶ್ಯದಲ್ಲಿ ಆಕಾಶ ಎಲ್ಲಕ್ಕಿಂತ ತಿಳಿಯಾಗಿರುತ್ತದೆ. ಆಮೇಲೆ ಚಪ್ಪಟೆ ನೆಲ, ಆಮೇಲೆ ಇಳಿಜಾರು, ನೆಟ್ಟಗೆ ನಿಂತ ಮರಗಳು ಎಲ್ಲಕ್ಕಿಂತ ಗಾಢ. ಮೇಲಿನಿಂದ ಬರುವ ಬೆಳಕು ನೆಲಕ್ಕೆ ಪೂರ್ತಿ ಸಿಗುತ್ತದೆ, ಮರದ ಮೈಗೆ ಓರೆಯಾಗಿ ತಾಗುತ್ತದೆ, ಅದಕ್ಕೇ ಈ ಕ್ರಮ. ಹಿಮ, ಹೊಳೆಯುವ ನೀರು, ಇಳಿಹೊತ್ತಿನ ಬಿಸಿಲು ಇದ್ದರೆ ಕ್ರಮ ಬದಲಾಗಬಹುದು. ಆದರೆ ಕಪ್ಪು-ಬಿಳುಪಿನಲ್ಲಿ ನಾಲ್ಕೂ ಒಂದೇ ಬೂದಾಗಿ ಕಂಡರೆ ನಿಮ್ಮ ದೋಷ ಸಿಕ್ಕಿತು ಅಂತಲೇ ಲೆಕ್ಕ. ಎಷ್ಟು ಒಳ್ಳೆಯ ನೀಲಿ, ಹಳದಿ ತಂದು ಹಚ್ಚಿದರೂ ಇದು ಸರಿಹೋಗುವುದಿಲ್ಲ. ಟೋನ್ ಅನ್ನೇ ತಿದ್ದಬೇಕು. ಫೋನ್ ಹತ್ತಿರ ಇಲ್ಲದಿದ್ದರೆ ಕಣ್ಣು ಅರ್ಧ ಮುಚ್ಚಿ ನೋಡಿದರೂ ಸಾಕು.

ಕೊನೆಯದು ಬೆರಳಿನ ಪರೀಕ್ಷೆ. ದೋಷ ಇರುವ ಜಾಗವನ್ನು ಮೆಲ್ಲಗೆ ಮುಟ್ಟಿ, ಆಮೇಲೆ ಕೈ ಒರೆಸಿಕೊಳ್ಳಿ. ಬೆರಳಿಗೆ ಬಣ್ಣ ಬಂದರೆ ಹಸಿ. ಬಣ್ಣ ಬಾರದೆ ಅಂಟಿದಂತೆ ಆದರೆ ಅರ್ಧ ಒಣಗಿದೆ. ಎಣ್ಣೆ ಬಣ್ಣ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ಅಂಬರ್ ಅನ್ನುವ ಕಂದು ಮಣ್ಣಿನ ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಟೈಟಾನಿಯಂ ವೈಟ್, ಅಲಿಜರಿನ್ ಅನ್ನುವ ಗಾಢ ಕೆಂಪು, ಕ್ಯಾಡ್ಮಿಯಂ ಬಣ್ಣಗಳು ನಿಧಾನ. ಒಂದೇ ಕ್ಯಾನ್ವಾಸಿನಲ್ಲಿ ನೆಲ ಒಣಗಿ ಆಕಾಶ ಹಸಿಯಾಗಿರುವುದು ಮಾಮೂಲಿ.

ಬಣ್ಣ ಕೆಸರಾಗಿದೆ

ಕಲಿಯುವವರಿಂದ ಅತಿ ಹೆಚ್ಚು ಕೇಳಿಬರುವ ದೂರು ಇದು. ಹೆಸರು ಒಂದೇ ಆದರೂ ಕೆಸರು ಮೂರು ಬಗೆಯದ್ದು. ಮೂರಕ್ಕೂ ಮದ್ದು ಬೇರೆ. ಯಾವುದು ಅಂತ ಗುರುತಿಸದೆ ತಿದ್ದಲು ಹೋದರೆ ಕೆಸರು ಇನ್ನೂ ಜಾಸ್ತಿಯಾಗುತ್ತದೆ.

ಪ್ಯಾಲೆಟ್ ಮೇಲಿರುವ ಅದೇ ಬಣ್ಣವನ್ನು ಒಂದು ಬಿಳಿ ಕಾಗದಕ್ಕೆ ಹಚ್ಚಿ ನೋಡಿ. ಕಾಗದದ ಮೇಲೆ ಶುದ್ಧವಾಗಿ ಕಂಡು, ಕ್ಯಾನ್ವಾಸ್ ಮೇಲೆ ಕೊಳಕಾಗಿದ್ದರೆ, ಮತ್ತು ಬೆರಳಿನ ಪರೀಕ್ಷೆಯಲ್ಲಿ ಹಸಿ ಅಂತ ಗೊತ್ತಾಗಿದ್ದರೆ, ಅದು ಹಸಿ ಪದರದ ಕೆಸರು. ಗೆರೆಯನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ಕೆಳಗಿನ ಬಣ್ಣದ ಎಳೆಗಳು ಓಡಿರುವುದು ಕಾಣುತ್ತದೆ. ಗೆರೆ ಶುರುವಾದ ಕಡೆ ಬಣ್ಣ ಚೆನ್ನಾಗಿದ್ದು ಮುಗಿಯುವ ಕಡೆ ಕೆಟ್ಟಿರುತ್ತದೆ. ಇದಕ್ಕೆ ಮೇಲೆ ಬಣ್ಣ ಹಚ್ಚುವುದು ಮದ್ದಲ್ಲ. ಪ್ಯಾಲೆಟ್ ನೈಫ್‌ನಿಂದ ಆ ಜಾಗವನ್ನು ಕೆರೆದು ತೆಗೆಯಿರಿ. ಟರ್ಪಂಟೈನ್ ಹಾಕಿ ಉಜ್ಜಬೇಡಿ, ಅದು ಕೆಸರನ್ನು ಇನ್ನಷ್ಟು ಅಗಲಕ್ಕೆ ಹರಡುತ್ತದೆ. ದೊಡ್ಡ ಜಾಗ ಆದರೆ ಹಳೆ ಪತ್ರಿಕೆಯ ಹಾಳೆಯನ್ನು ಹಸಿ ಬಣ್ಣದ ಮೇಲೆ ಒತ್ತಿ ನಿಧಾನವಾಗಿ ಎತ್ತಿ. ಮೇಲಿನ ದಪ್ಪ ಬಣ್ಣ ಕಾಗದಕ್ಕೆ ಹೋಗಿ, ಕೆಳಗೆ ಚಿತ್ರದ ಮಸುಕಾದ ಗುರುತು ಉಳಿಯುತ್ತದೆ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಹೆನ್ರಿ ಟಾಂಕ್ಸ್ ಅವರ ಹೆಸರಿನಿಂದ ಈ ವಿಧಾನಕ್ಕೆ ಟಾಂಕಿಂಗ್ ಅಂತಲೇ ಹೆಸರು ಬಂದಿದೆ. ಆ ಮಸುಕು ಗುರುತು ಮುಂದಿನ ಪದರಕ್ಕೆ ಬಹಳ ಒಳ್ಳೆಯ ತಳಹದಿ. ಇದನ್ನು ಸೋಲು ಅಂತ ನೋಡಬೇಡಿ, ಇದು ಕೆಲಸದ ಒಂದು ಭಾಗ.

ಹಸಿಯ ಮೇಲೆ ಹಸಿ ಹಚ್ಚಲೇಬೇಕು ಅಂದರೆ ದಾರಿ ಇದೆ. ಕೆಳಗಿನ ಪದರ ತೆಳ್ಳಗಿರಲಿ, ಮೇಲಿನದು ದಪ್ಪಗಿರಲಿ. ಬ್ರಷ್ಷಿಗೆ ಧಾರಾಳವಾಗಿ ಬಣ್ಣ ತೆಗೆದುಕೊಂಡು, ಕ್ಯಾನ್ವಾಸಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿಸಿ, ಒಂದೇ ಸಲ ಎಳೆದು ಎತ್ತಿಬಿಡಿ. ಎರಡು-ಮೂರು ಗೆರೆಗೊಮ್ಮೆ ಬ್ರಷ್ ಒರೆಸಿ. ಹಾಕಿದ ಗೆರೆಯನ್ನು ಮತ್ತೆ ಸವರುವ ಆಸೆ ಬರುತ್ತದೆ. ಅಲ್ಲೇ ಇರುವುದು ಅಪಾಯ. ಎರಡನೇ ಸಲ ಸವರಿದರೆ ಗೆರೆ ಸ್ವಲ್ಪ ಮಾಸುತ್ತದೆ, ಮೂರನೇ ಸಲಕ್ಕೆ ಕೆಸರು.

ಬಿಳಿ ಕಾಗದದ ಮೇಲೂ ಬಣ್ಣ ಕೊಳಕಾಗಿಯೇ ಇದ್ದರೆ ದೋಷ ಪ್ಯಾಲೆಟ್‌ನಲ್ಲಿದೆ. ಎಷ್ಟು ಟ್ಯೂಬಿನಿಂದ ಬಣ್ಣ ತೆಗೆದಿರಿ ಅಂತ ಎಣಿಸಿ. ಒಂದು ಮಿಶ್ರಣಕ್ಕೆ ಎರಡು ಬಣ್ಣ ಮತ್ತು ಬಿಳಿ, ಇಷ್ಟರಲ್ಲಿ ಲ್ಯಾಂಡ್‌ಸ್ಕೇಪಿನ ಬಹುತೇಕ ಎಲ್ಲ ಬಣ್ಣ ಸಿಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿಯ ಸಂಖ್ಯೆ ಬರೆದಿರುತ್ತಾರೆ. ಅಲ್ಟ್ರಾಮರೀನ್ ಆದರೆ ಪಿಬಿ 29, ವಿರಿಡಿಯನ್ ಆದರೆ ಪಿಜಿ 18, ಟೈಟಾನಿಯಂ ವೈಟ್ ಆದರೆ ಪಿಡಬ್ಲ್ಯೂ 6. ಒಂದೇ ಸಂಖ್ಯೆ ಇದ್ದರೆ ಒಂದೇ ಪಿಗ್ಮೆಂಟ್. ಸ್ಯಾಪ್ ಗ್ರೀನ್‌ನಂಥ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಎರಡು-ಮೂರು ಸಂಖ್ಯೆ ಇರುತ್ತದೆ. ಅಂಥ ಎರಡು ಟ್ಯೂಬ್ ಕಲಸಿದಾಗ ನಿಮಗೆ ಗೊತ್ತಿಲ್ಲದೆಯೇ ನಾಲ್ಕರಿಂದ ಆರು ಪಿಗ್ಮೆಂಟ್ ಕಲಸಿರುತ್ತೀರಿ. ಅದರಲ್ಲಿ ಕೆಂಪು-ಹಸಿರು, ನೀಲಿ-ಕಿತ್ತಳೆಯಂಥ ಎದುರುಬದುರಿನ ಜೋಡಿ ಎಷ್ಟೋ ಸಲ ಇರುತ್ತದೆ. ಎದುರು ಬಣ್ಣಗಳು ಒಂದನ್ನೊಂದು ಕೊಂದು ಬೂದು ಮಾಡುತ್ತವೆ. ಲೇಬಲ್ ಓದುವ ಅಭ್ಯಾಸ ಮಾಡಿಕೊಂಡರೆ ಈ ಎರಡನೇ ಕೆಸರು ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಕಾಗದದ ಮೇಲೆ ಬಣ್ಣ ಶುದ್ಧ. ಕೆಳಗಿನ ಪದರ ಒಣಗಿದೆ. ಆದರೂ ಚಿತ್ರದಲ್ಲಿ ಕೊಳಕಾಗಿಯೇ ಕಾಣುತ್ತದೆ. ಇಂಥದ್ದೇ ಒಂದು ದೂರು ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಗೆ ಬಂದಿತ್ತು. ಅಲ್ಲಿ ಬಣ್ಣ ಹಾಕಿದ ಕಪ್ಪು ನೂಲು ಸತ್ವವಿಲ್ಲದೆ ಕಾಣುತ್ತದೆ ಅಂತ. ಅಲ್ಲಿನ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರಲ್ ನೂಲನ್ನು ಪರೀಕ್ಷಿಸಿದರು. ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿದ್ದ ಬಣ್ಣಗಳಿಂದಾಗಿ ಕಪ್ಪು ಹಾಗೆ ಕಾಣುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸಿ ತೋರಿಸುತ್ತವೆ ಅನ್ನುವ ನಿಯಮವನ್ನು ಅವರು 1839ರಲ್ಲಿ ಪ್ರಕಟಿಸಿದರು. ಇಂಪ್ರೆಷನಿಸ್ಟ್ ಬಣ್ಣಗಾರಿಕೆಯ ಅರ್ಧ ಗುಟ್ಟು ಇದರಲ್ಲೇ ಇದೆ ಅನ್ನುವುದು ನನ್ನ ನಂಬಿಕೆ.

ಪರೀಕ್ಷೆ ಸುಲಭ. ಬೂದು ಬಣ್ಣದ ದಪ್ಪ ಕಾಗದದಲ್ಲಿ ಪೆನ್ಸಿಲ್ ತೂರುವಷ್ಟು ತೂತು ಮಾಡಿ. ಅದನ್ನು ಅನುಮಾನ ಇರುವ ಜಾಗದ ಮೇಲೆ ಹಿಡಿದು ತೂತಿನಿಂದ ನೋಡಿ. ಬಣ್ಣ ಅಲ್ಲಿ ಚೆನ್ನಾಗಿ ಕಂಡರೆ ಅದನ್ನು ಮುಟ್ಟಲೇಬೇಡಿ, ಪಕ್ಕದ್ದನ್ನು ಬದಲಿಸಿ. ಬೂದು ಬಣ್ಣಗಳು ಚಿತ್ರಕ್ಕೆ ಬೇಕೇ ಬೇಕು, ಅವು ಇಲ್ಲದೆ ಶುದ್ಧ ಬಣ್ಣಗಳು ಹೊಳೆಯುವುದಿಲ್ಲ. ಎಷ್ಟೋ ಸಲ ಕೆಸರು ಅಂತ ನಾವು ಬೈಯುವುದು ಜಾಗ ತಪ್ಪಿದ ಒಂದು ಒಳ್ಳೆಯ ಬೂದನ್ನು.

ಒಂದು ನೆರಳನ್ನು ಹತ್ತಿರದಿಂದ ನೋಡೋಣ

ಬಿಸಿಲಿನ ಹುಲ್ಲಿನ ಮೇಲೆ ಒಂದು ಮರದ ನೆರಳು ಬಿದ್ದಿದೆ ಅಂತಿಟ್ಟುಕೊಳ್ಳಿ. ಹುಲ್ಲಿಗೆ ಹಚ್ಚಿದ ಹಸಿರಿಗೇ ಕಪ್ಪು ಸೇರಿಸಿ ನೆರಳು ಮಾಡಲಾಗಿದೆ. ಹಿಂದೆ ಹೋಗಿ ನೋಡಿದರೆ ನೆಲದಲ್ಲಿ ಹಳ್ಳ ತೋಡಿದಂತೆ ಕಾಣುತ್ತದೆ. ಕಪ್ಪು-ಬಿಳುಪು ಫೋಟೊದಲ್ಲಿ ನೆರಳು ಮರದ ಕಾಂಡದಷ್ಟೇ ಗಾಢವಾಗಿದೆ. ಇದು ಮೊದಲ ಸುಳಿವು. ನೆರಳು ಬಿದ್ದರೂ ಅದು ಚಪ್ಪಟೆ ನೆಲವೇ, ಆಕಾಶದ ಬೆಳಕು ಅದರ ಮೇಲೆ ಬೀಳುತ್ತಲೇ ಇರುತ್ತದೆ. ಕಾಂಡಕ್ಕಿಂತ ಒಂದು ಮಟ್ಟ ತಿಳಿಯಾಗಿರಬೇಕು. ತೂತಿನ ಕಾಗದದಿಂದ ನೋಡಿದರೆ ಬಣ್ಣ ಅಲ್ಲೂ ಸತ್ತೇ ಇದೆ. ಹಾಗಾದರೆ ಟೋನ್, ಬಣ್ಣ ಎರಡೂ ತಪ್ಪಿವೆ.

ರಿಪೇರಿ ಹೀಗೆ. ಪದರ ಒಣಗಿದ ಮೇಲೆ ಅಲ್ಟ್ರಾಮರೀನ್, ಒಂದು ಚೂರು ಅಲಿಜರಿನ್, ಬಿಳಿ ಸೇರಿಸಿ ಒಂದು ನೀಲಿ-ನೇರಳೆ ಕಲಸಿಕೊಳ್ಳಿ. ಆ ಗಾಢ ಹಸಿರಿಗಿಂತ ಸ್ವಲ್ಪವೇ ತಿಳಿಯಾಗಿರಲಿ. ಅದನ್ನು ಬಿಡಿ ಗೆರೆಗಳಾಗಿ ಅಡ್ಡಡ್ಡ ಇಡಿ. ಕೆಳಗಿನ ಹಸಿರನ್ನು ಪೂರ್ತಿ ಮುಚ್ಚಬೇಡಿ, ಮೂರರಲ್ಲಿ ಒಂದು ಪಾಲಾದರೂ ಇಣುಕಲಿ. ಬಿಸಿಲಿಗೆ ತಾಗುವ ಅಂಚಿನಲ್ಲಿ ಒಂದೆರಡು ಬೆಚ್ಚನೆಯ ಹಸಿರು ಗೆರೆ ನೆರಳಿನೊಳಗೆ ನುಗ್ಗಲಿ. ಮತ್ತೆ ಹಿಂದೆ ಹೋಗಿ ನೋಡಿ. ಪಕ್ಕದ ಹಳದಿ-ಹಸಿರು ನೀವು ಮುಟ್ಟದೆಯೇ ಜಾಸ್ತಿ ಬಿಸಿಲಾಗಿ ಕಾಣುತ್ತದೆ. ಫ್ರೆಂಚ್ ಇಂಪ್ರೆಷನಿಸ್ಟ್ ಚಿತ್ರಕಾರ ಮೋನೆ 1868-69ರ ಚಳಿಗಾಲದಲ್ಲಿ ಬೇಲಿಯ ಮೇಲೆ ಕೂತ ಮ್ಯಾಗ್‌ಪೈ ಹಕ್ಕಿಯ ಚಿತ್ರದಲ್ಲಿ ಹಿಮದ ಮೇಲಿನ ನೆರಳಿಗೆ ಇಂಥ ನೀಲಿಯನ್ನೇ ಹಚ್ಚಿದರು. 1869ರ ಪ್ಯಾರಿಸ್ ಸಲೋನ್, ಅಂದರೆ ಅಲ್ಲಿನ ಅಧಿಕೃತ ಕಲಾಪ್ರದರ್ಶನ, ಆ ಚಿತ್ರವನ್ನು ತಿರಸ್ಕರಿಸಿತು. ಇವತ್ತು ಆ ನೆರಳು ನೋಡಿದರೆ ಚಳಿಯೇ ತಾಗುತ್ತದೆ.

ಗೆರೆಗಳು ಕೂಡಿಕೊಳ್ಳುತ್ತಿಲ್ಲ, ಬಣ್ಣದ ಚೂರು ಚೆಲ್ಲಿದಂತಿದೆ

ಬಿಡಿ ಬಣ್ಣದ ಗೆರೆಗಳನ್ನು ಪಕ್ಕಪಕ್ಕ ಇಡುವುದನ್ನು ಕಲಿತ ಕೂಡಲೇ ಬರುವ ದೋಷ ಇದು. ಹುಲ್ಲಿನಲ್ಲಿ ಕೆಂಪು, ನೀಲಿ, ಹಳದಿ ಎಲ್ಲಾ ಇದೆ, ಆದರೆ ಹುಲ್ಲೇ ಇಲ್ಲ. ಎಂಟು-ಹತ್ತು ಅಡಿ ದೂರದಿಂದಲೂ ಚುಕ್ಕೆ ಚುಕ್ಕೆಯಾಗಿ ಕಂಡರೆ ಕಾರಣ ಹೆಚ್ಚಾಗಿ ಒಂದೇ. ಬಣ್ಣ ಬದಲಿಸುವಾಗ ಟೋನ್ ಕೂಡ ಬದಲಾಗಿಬಿಟ್ಟಿದೆ. ಹಳದಿ ಸ್ವಭಾವದಿಂದಲೇ ತಿಳಿ, ಅಲ್ಟ್ರಾಮರೀನ್ ಗಾಢ. ಟ್ಯೂಬಿನಿಂದ ನೇರ ತೆಗೆದು ಪಕ್ಕಪಕ್ಕ ಇಟ್ಟರೆ ಕಣ್ಣು ಅವನ್ನು ಕೂಡಿಸುವುದಿಲ್ಲ, ಬೇರ್ಪಡಿಸುತ್ತದೆ.

ಮೋನೆಯ 1872ರ ಸೂರ್ಯೋದಯದ ಚಿತ್ರ ‘ಇಂಪ್ರೆಷನ್, ಸನ್‌ರೈಸ್’ ಬಹಳ ಹೆಸರಾದದ್ದು. 1874ರ ಪ್ರದರ್ಶನದಲ್ಲಿ ಅದರ ಹೆಸರನ್ನೇ ಹಿಡಿದು ಒಬ್ಬ ವಿಮರ್ಶಕರು ಆಡಿಕೊಂಡದ್ದರಿಂದ ಇಡೀ ಪಂಥಕ್ಕೆ ಇಂಪ್ರೆಷನಿಸ್ಟ್ ಅನ್ನುವ ಹೆಸರು ಉಳಿಯಿತು. ಅದರಲ್ಲಿನ ಕಿತ್ತಳೆ ಸೂರ್ಯ ಉರಿಯುತ್ತಿರುವಂತೆ ಕಾಣುತ್ತಾನೆ. ಆದರೆ ಚಿತ್ರವನ್ನು ಕಪ್ಪು-ಬಿಳುಪು ಮಾಡಿದರೆ ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ, ಯಾಕೆಂದರೆ ಸುತ್ತಲಿನ ಬೂದು ಆಕಾಶದ ಟೋನ್, ಅವನ ಟೋನ್ ಎರಡೂ ಬಹುತೇಕ ಒಂದೇ. ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದನ್ನು ವಿವರಿಸಿದ್ದಾರೆ. ಬಣ್ಣ ಬೇರೆ, ಟೋನ್ ಒಂದೇ ಇದ್ದಾಗ ಕಣ್ಣಿಗೆ ಅದು ಮಿಡಿಯುವಂತೆ ಕಾಣುತ್ತದೆ.

ನಿಮ್ಮ ಹುಲ್ಲಿಗೂ ಇದೇ ಪರೀಕ್ಷೆ. ಕಪ್ಪು-ಬಿಳುಪಿನಲ್ಲಿ ಆ ಹುಲ್ಲಿನ ಜಾಗ ಹೆಚ್ಚುಕಡಿಮೆ ಒಂದೇ ಬೂದಾಗಿ ಕಾಣಬೇಕು. ಎದ್ದು ಕಾಣುವ ಗೆರೆಗಳನ್ನು ಗುರುತು ಮಾಡಿಕೊಂಡು, ತೀರಾ ತಿಳಿಯಾದವನ್ನು ಒಂದು ಮಟ್ಟ ಇಳಿಸಿ, ತೀರಾ ಗಾಢವಾದವನ್ನು ಬಿಳಿ ಸೇರಿಸಿ ಏರಿಸಿ ಮತ್ತೆ ಇಡಿ. ಎಲ್ಲವನ್ನೂ ತಿದ್ದುವ ಅಗತ್ಯ ಇಲ್ಲ. ಅರ್ಧದಷ್ಟು ಸರಿಯಾದರೆ ಉಳಿದವು ತಾವೇ ಜಾಗಕ್ಕೆ ಕೂರುತ್ತವೆ.

ಚಿತ್ರ ಸುಣ್ಣ ಬಳಿದಂತಿದೆ

ಬಿಳಿ ಜಾಸ್ತಿಯಾಗಿದೆ, ಅಷ್ಟೇ. ಟೈಟಾನಿಯಂ ವೈಟ್ ಬಣ್ಣವನ್ನು ತಿಳಿ ಮಾಡುವ ಜೊತೆಗೆ ತಣ್ಣಗೂ ಮಾಡುತ್ತದೆ. ಬಿಸಿಲು ಬಿದ್ದ ಜಾಗಕ್ಕೆ ಬರೀ ಬಿಳಿ ಸೇರಿಸದೆ, ಬಿಳಿಯ ಜೊತೆ ಚೂರು ಹಳದಿ ಅಥವಾ ಕಿತ್ತಳೆ ಸೇರಿಸಿ. ಎಲ್ಲಕ್ಕಿಂತ ತಿಳಿ ಬಣ್ಣವನ್ನು ಚಿತ್ರದ ಒಂದೆರಡು ಜಾಗಕ್ಕೆ ಮಾತ್ರ ಮೀಸಲಿಡಿ. ಅಕ್ರಿಲಿಕ್‌ನವರು ಇನ್ನೊಂದನ್ನು ನೆನಪಿಡಬೇಕು. ಅದರ ಅಂಟು ಹಸಿ ಇದ್ದಾಗ ಹಾಲುಬಿಳುಪಾಗಿದ್ದು, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ. ಹಾಗಾಗಿ ಬಣ್ಣ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ. ಕಾಗದದ ಮೇಲೆ ಒಂದು ಚುಕ್ಕೆ ಒಣಗಿಸಿ ನೋಡಿ ಮುಂದುವರಿಯಿರಿ.

ದೂರದ್ದು ದೂರ ಹೋಗುತ್ತಿಲ್ಲ

ಬೆಟ್ಟ ಮರದ ಪಕ್ಕಕ್ಕೇ ಬಂದು ನಿಂತಿದೆ ಅಂದರೆ ಮೊದಲು ಅದರ ಗಾಢತೆ ನೋಡಿ. ಮುಂದಿನ ಮರದ ಅತಿ ಗಾಢ ಬಣ್ಣವನ್ನು ಪ್ಯಾಲೆಟ್ ನೈಫಿನ ತುದಿಯಲ್ಲಿ ತೆಗೆದು ಬೆಟ್ಟದ ಮುಂದೆ, ಕ್ಯಾನ್ವಾಸಿಗೆ ತಾಗದಂತೆ ಹಿಡಿಯಿರಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಕಾರಣ ಅದೇ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಅದಕ್ಕೇ ದೂರದ ಕತ್ತಲೆಗಳು ತಿಳಿಯಾಗಿ ನೀಲಿಗೆ ತಿರುಗುತ್ತವೆ.

ಇದರ ರಿಪೇರಿಗೆ ಪದರದ ವಿಧಾನದಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆಟ್ಟ ಒಣಗಿದ ಮೇಲೆ ಆಕಾಶದ್ದೇ ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಚೂರೇ ಚೂರು ತೆಗೆದುಕೊಂಡು, ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಬೆಟ್ಟದ ಮೇಲೆ ಹಗುರವಾಗಿ ಸವರಿ. ಕ್ಯಾನ್ವಾಸಿನ ಉಬ್ಬುಗಳಿಗೆ ಮಾತ್ರ ಬಣ್ಣ ತಾಗಬೇಕು. ಬೆಟ್ಟ ನೋಡನೋಡುತ್ತಲೇ ಹಿಂದಕ್ಕೆ ಸರಿಯುತ್ತದೆ. ಇದನ್ನು ಮೊದಲ ಸಲ ನೋಡುವಾಗಿನ ಖುಷಿಯೇ ಬೇರೆ. ಸರಿಯದಿದ್ದರೆ ಅಂಚು ನೋಡಿ. ದೂರದ ಅಂಚುಗಳು ಕತ್ತರಿಸಿದಷ್ಟು ಚೂಪಾಗಿದ್ದರೆ ಒಂದೆರಡು ಕಡೆ ಆಕಾಶದೊಳಗೆ ಕರಗಿಸಿ. ದೂರದಲ್ಲಿ ಗೆರೆಗಳು ಚಿಕ್ಕದಾಗಿ, ತೆಳ್ಳಗೆ ಇರಲಿ. ದಪ್ಪ ಬಣ್ಣ ಕಣ್ಣನ್ನು ಮುಂದಕ್ಕೆ ಎಳೆಯುತ್ತದೆ.

ಹಸಿರು ಕಣ್ಣಿಗೆ ಹೊಡೆಯುತ್ತಿದೆ

ಟ್ಯೂಬಿನ ಹಸಿರನ್ನು ಹಾಗೇ ಹಚ್ಚಿದ್ದೀರಿ. 1859ರಲ್ಲಿ ಫ್ರಾನ್ಸಿನಲ್ಲಿ ಗಿನ್ಯೆ ಪೇಟೆಂಟ್ ಪಡೆದ ವಿರಿಡಿಯನ್ ಇಂಪ್ರೆಷನಿಸ್ಟರ ಪ್ಯಾಲೆಟ್‌ನಲ್ಲೂ ಇತ್ತು, ಆದರೆ ಅದನ್ನು ಹಾಗೇ ಹಚ್ಚಿದರೆ ಯಾವ ಎಲೆಯ ಬಣ್ಣವೂ ಬರುವುದಿಲ್ಲ. ಅದಕ್ಕೆ ಹಳದಿಯೋ ಕೆಂಪೋ ಬೇಕು. ಮುಂದಿನ ಚಿತ್ರಕ್ಕೆ ಕ್ಯಾನ್ವಾಸಿನ ತಳಕ್ಕೆ ಬರ್ನ್ಟ್ ಸಿಯೆನ್ನಾದ ತೆಳು ಪದರ ಹಚ್ಚಿ ಒಣಗಿಸಿ. ಹಸಿರು ಗೆರೆಗಳ ಸಂದಿಯಲ್ಲಿ ಆ ಕೆಂಗಂದು ಇಣುಕಿದರೆ ಹಸಿರು ತಾನಾಗಿ ತಗ್ಗುತ್ತದೆ, ಜೀವವೂ ಬರುತ್ತದೆ.

ಬ್ರಷ್ ಗೆರೆಗಳು ಒಂದೇ ತರ

ಕೋಣೆಯ ದೀಪ ಆರಿಸಿ, ಟಾರ್ಚನ್ನು ಕ್ಯಾನ್ವಾಸಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬಣ್ಣ ಮರೆಯಾಗಿ ಗೆರೆಗಳ ಉಬ್ಬುತಗ್ಗು ಮಾತ್ರ ಎದ್ದು ಕಾಣುತ್ತದೆ. ಆಕಾಶ, ನೀರು, ಮರ ಮೂರರಲ್ಲೂ ಗೆರೆ ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಓಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ನೀರಿಗೆ ಅಡ್ಡ, ಹುಲ್ಲಿಗೆ ಮೇಲ್ಮುಖ, ಎಲೆಗೊಂಚಲಿಗೆ ಬೆಳಕು ಬರುವ ಕಡೆಯಿಂದ ಚಿಕ್ಕ ಚಿಕ್ಕ ಅಚ್ಚು. ಬ್ರಷ್ ದೊಡ್ಡದಾಗಲಿ. ಚಿಕ್ಕ ಬ್ರಷ್ ಕೈಯಲ್ಲಿದ್ದರೆ ಎಲೆ ಎಣಿಸುವ ಚಪಲ ಬಂದೇ ಬರುತ್ತದೆ, ಅಲ್ವಾ? ಗೆರೆಗಳು ನಿಲ್ಲದೆ ಹರಿಯುತ್ತಿದ್ದರೆ ಬಣ್ಣಕ್ಕೆ ಎಣ್ಣೆ ಅಥವಾ ಟರ್ಪಂಟೈನ್ ಅತಿಯಾಗಿದೆ. ಮೇಲಿನ ಪದರಕ್ಕೆ ಟ್ಯೂಬಿನಿಂದ ಬಂದಷ್ಟೇ ಗಟ್ಟಿ ಬಣ್ಣ ಸಾಕು.

ಒಣಗಿದ ಮೇಲೆ ಕಾಣುವ ದೋಷಗಳು

ಒಣಗಿದ ಚಿತ್ರದಲ್ಲಿ ಕೆಲವು ಜಾಗ ಹೊಳೆದು, ಕೆಲವು ಜಾಗ ಮಂಕಾಗಿ ಬೂದು ಹಿಡಿದಂತೆ ಕಂಡರೆ, ಆ ಜಾಗದ ಎಣ್ಣೆಯನ್ನು ಕೆಳಗಿನ ಪದರ ಹೀರಿದೆ ಅಂತ. ಬಣ್ಣ ಕೆಟ್ಟಿಲ್ಲ. ಮಂಕಾದ ಕಡೆ ಮಾತ್ರ ತೀರಾ ತೆಳುವಾಗಿ ಲಿನ್ಸೀಡ್ (ಅಗಸೆ) ಎಣ್ಣೆ ಸವರಿ, ಕೆಲ ನಿಮಿಷದ ನಂತರ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್ಸೀಡ್ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ಬಿರುಕು ಬಿಟ್ಟಿದ್ದರೆ ಪದರಗಳ ಕ್ರಮ ತಪ್ಪಿದೆ. ಎಣ್ಣೆ ಕಡಿಮೆ ಇರುವ ಪದರ ಕೆಳಗೆ, ಜಾಸ್ತಿ ಇರುವುದು ಮೇಲೆ ಬರಬೇಕು. ತಿರುಗಾಮುರುಗಾ ಆದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗುವಾಗ ಸೀಳುತ್ತದೆ. ಅಂಥ ಜಾಗದ ಮೇಲೆ ಬಣ್ಣ ಹಚ್ಚಿ ಮುಚ್ಚಿದರೆ ಬಿರುಕು ಮತ್ತೆ ಮೇಲೆ ಬರುತ್ತದೆ, ಆ ಭಾಗ ಕೆರೆದು ತೆಗೆಯುವುದೇ ವಾಸಿ. ಪದರ ಹಾಳೆಯಂತೆ ಎದ್ದು ಬರುತ್ತಿದ್ದರೆ ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಹಚ್ಚಿದ್ದೀರಾ ಅಂತ ನೋಡಿ. ಅಕ್ರಿಲಿಕ್ ಮೇಲೆ ಎಣ್ಣೆ ನಿಲ್ಲುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಅಕ್ರಿಲಿಕ್ ಮಾತ್ರವೇ ಇದ್ದು ಪುಡಿಯಾಗಿ ಉದುರುತ್ತಿದ್ದರೆ ನೀರು ಅತಿಯಾಗಿ ಅಂಟು ತೆಳುವಾಗಿರುತ್ತದೆ.

ವಾರ್ನಿಷ್‌ಗೆ ಅವಸರ ಬೇಡ. ದಪ್ಪ ಗೆರೆಗಳಿರುವ ಎಣ್ಣೆ ಚಿತ್ರಕ್ಕೆ ಸಾಂಪ್ರದಾಯಿಕ ವಾರ್ನಿಷ್ ಹಾಕಲು ಆರು ತಿಂಗಳಿಂದ ಒಂದು ವರ್ಷ ಕಾಯುವುದು ವಾಡಿಕೆ. ಒಣಗಿದೆಯೋ ಇಲ್ಲವೋ ಅಂತ ನೋಡಲು ಚಿತ್ರದ ಮೂಲೆಯಲ್ಲಿ, ಎಲ್ಲಕ್ಕಿಂತ ದಪ್ಪಗಿರುವ ಬಣ್ಣದ ಮೇಲೆ, ವೈಟ್ ಸ್ಪಿರಿಟ್ ಅನ್ನುವ ಬಣ್ಣ ತೆಳು ಮಾಡುವ ದ್ರಾವಕದಲ್ಲಿ ತುಸು ಒದ್ದೆ ಮಾಡಿದ ಹತ್ತಿಯನ್ನು ಮೆಲ್ಲಗೆ ಉರುಳಿಸಿ. ಹತ್ತಿಗೆ ಬಣ್ಣ ಬಂದರೆ ಇನ್ನೂ ಕೆಲವು ವಾರ ಬಿಟ್ಟು ಮತ್ತೆ ನೋಡಿ.